2,402 ಮನೆ ಎಲ್ಲಿಂದ ಬಂತು? ಕ್ಯೂಪರ್ಟಿನೋ ನಗರದ ವಾಲ್ಕೋ ಪ್ರಕರಣ

2018ರ ಸೆಪ್ಟೆಂಬರ್‌ನಲ್ಲಿ, ಒಂದೇ ವಾರದೊಳಗೆ, ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೋ ನಗರ ಒಂದೇ ಜಾಗಕ್ಕೆ ಎರಡು ಬೇರೆ ಬೇರೆ ಯೋಜನೆಗಳನ್ನು ಒಪ್ಪಿತು. ಜಾಗ ಒಂದು ಹಳೆಯ ಮಾಲ್. ಹೆಸರು ವಾಲ್ಕೋ.

ಮೊದಲನೇ ಒಪ್ಪಿಗೆ ಸಿಟಿ ಕೌನ್ಸಿಲ್ ಕೊಟ್ಟಿದ್ದು. ಅದರ ಹಿಂದೆ ತಿಂಗಳುಗಟ್ಟಲೆ ಸಭೆಗಳಿದ್ದವು. ಜನರ ಜೊತೆ ಕೂತು ಬರೆದ ನಕ್ಷೆಗಳಿದ್ದವು. ದಪ್ಪನೆಯ ಪರಿಸರ ವರದಿ ಇತ್ತು. ಎರಡನೇ ಒಪ್ಪಿಗೆ ಸೆಪ್ಟೆಂಬರ್ 21ರಂದು ನಗರದ ಆಡಳಿತ ಸಿಬ್ಬಂದಿಯಿಂದ ಬಂತು. ಅದಕ್ಕೆ ವಿಚಾರಣೆ ಇರಲಿಲ್ಲ, ಓಟು ಇರಲಿಲ್ಲ. ಒಂದು ಪತ್ರ, ಅಷ್ಟೇ.

ಜನರ ಜೊತೆ ಕೂತು ಮಾಡಿದ ಯೋಜನೆ ಎಂಟು ತಿಂಗಳಿಗೆ ರದ್ದಾಯಿತು. ಪತ್ರದಲ್ಲಿ ಬಂದದ್ದು ಉಳಿಯಿತು.

ಇದು ಹೇಗಾಯಿತು ಅನ್ನೋದನ್ನು ನಿಧಾನವಾಗಿ ನೋಡಬೇಕು. ಯಾಕಂದ್ರೆ ಕ್ಯೂಪರ್ಟಿನೋ ಸಭೆ ನಡೆಸಲು ಬಾರದ ಊರಲ್ಲ. ಸಭೆಯ ವಿಷಯದಲ್ಲಿ ಇಷ್ಟು ಶಿಸ್ತಿನ ಊರು ಸಿಗುವುದು ಕಷ್ಟ. ಅದಕ್ಕೇ ಈ ಪ್ರಕರಣ ನನ್ನನ್ನು ಕಾಡುತ್ತದೆ.

ಊರು ಮತ್ತು ಅದರ ಮಂಗಳವಾರಗಳು

ಕ್ಯೂಪರ್ಟಿನೋ ಸಾಂಟಾ ಕ್ಲಾರಾ ಕೌಂಟಿಯ ಒಂದು ಉಪನಗರ. ಸಾನ್ ಹೋಸೆ ಪಕ್ಕದಲ್ಲಿದೆ. ಒಂದು ಕಾಲಕ್ಕೆ ಇಲ್ಲೆಲ್ಲ ಪ್ಲಮ್, ಚೆರಿ, ಏಪ್ರಿಕಾಟ್ ತೋಟಗಳಿದ್ದವು. 1955ರಲ್ಲಿ ಸ್ವಂತ ನಗರವಾಯಿತು. 2020ರ ಜನಗಣತಿ ಪ್ರಕಾರ ಜನಸಂಖ್ಯೆ 60,381. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರದಷ್ಟು. ಅದರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಏಷ್ಯಾ ಮೂಲದವರು. ಚೀನಾ, ತೈವಾನ್, ಭಾರತದಿಂದ ಬಂದವರು ಜಾಸ್ತಿ. ಕನ್ನಡಿಗರೂ ಇಲ್ಲಿದ್ದಾರೆ. ಆ್ಯಪಲ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇರುವುದರಿಂದ ಊರಿನ ಹೆಸರು ನಮ್ಮವರಿಗೆ ಹೊಸದಲ್ಲ.

ಆಡಳಿತ ಸರಳ. ಇಡೀ ಊರು ಸೇರಿ ಐದು ಜನ ಕೌನ್ಸಿಲ್ ಸದಸ್ಯರನ್ನು ಆರಿಸುತ್ತದೆ. ಮೇಯರ್‌ಗೆ ಬೇರೆ ಚುನಾವಣೆ ಇಲ್ಲ. ಐವರಲ್ಲೇ ಒಬ್ಬರನ್ನು ವರ್ಷಕ್ಕೊಮ್ಮೆ ಆರಿಸಿಕೊಳ್ಳುತ್ತಾರೆ. ದಿನನಿತ್ಯದ ಕೆಲಸ ಸಿಟಿ ಮ್ಯಾನೇಜರ್ ಕೈಯಲ್ಲಿ. ಅವರನ್ನು ಕೌನ್ಸಿಲ್ ನೇಮಿಸುತ್ತದೆ. ಏನು ಆಗಬೇಕು ಎಂದು ಹೇಳುವುದು ಕೌನ್ಸಿಲ್. ಹೇಗೆ ಮಾಡಬೇಕು ಎಂದು ನೋಡುವುದು ಮ್ಯಾನೇಜರ್. ಕೆಳಗೆ ಪ್ಲಾನಿಂಗ್, ಪಾರ್ಕ್, ಗ್ರಂಥಾಲಯ, ಸೈಕಲ್ ಮತ್ತು ಪಾದಚಾರಿ, ವಸತಿ ಹೀಗೆ ಹಲವು ಕಮಿಷನ್‌ಗಳಿವೆ. ಅಲ್ಲಿ ಕೂರುವವರು ಊರಿನ ಸಾಮಾನ್ಯ ಜನ.

ಒಂದು ವಿಷಯ ಗಮನದಲ್ಲಿರಲಿ. ಶಾಲೆಗಳು ಈ ಕೌನ್ಸಿಲ್ ಕೈಯಲ್ಲಿಲ್ಲ. ಅವಕ್ಕೆ ಬೇರೆ ಬೋರ್ಡ್, ಬೇರೆ ಚುನಾವಣೆ. ಇದು ಮುಂದೆ ಬೇಕಾಗುತ್ತದೆ.

ಕೌನ್ಸಿಲ್ ಸಭೆ ತಿಂಗಳ ಮೊದಲ ಮತ್ತು ಮೂರನೇ ಮಂಗಳವಾರ ಸಂಜೆ. ಸುಮ್ನೆ ಕರೆದು ಕೂರುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆಕ್ಟ್ ಎಂಬ ಕಾನೂನಿದೆ. ಸ್ಥಳೀಯ ಆಡಳಿತಗಳು ಗುಟ್ಟಾಗಿ ಸೇರಿ ತೀರ್ಮಾನ ಮಾಡುತ್ತಿವೆ ಎಂದು ಸಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ ಸರಣಿ ಲೇಖನ ಬರೆದ ಮೇಲೆ ಬಂದ ಕಾನೂನು ಇದು. ಅದನ್ನು ತಂದ ಶಾಸಕ ರಾಲ್ಫ್ ಬ್ರೌನ್. ಮುಂದೆ ಈ ಕಥೆಯಲ್ಲಿ ಬರುವ ಗವರ್ನರ್ ಜೆರಿ ಬ್ರೌನ್ ಬೇರೆ.

ಈ ಕಾನೂನಿನ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ವಿಶೇಷ ಸಭೆಗೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ಬಹುಮತದಷ್ಟು ಸದಸ್ಯರು ಹೊರಗೆ ಕೂತು ಊರಿನ ವಿಷಯ ಮಾತಾಡುವಂತಿಲ್ಲ. ಐವರ ಕೌನ್ಸಿಲ್‌ನಲ್ಲಿ ಬಹುಮತ ಅಂದರೆ ಮೂರು ಜನ. ಹಾಗಾಗಿ ಮೂವರು ಕಾಫಿಗೆ ಸೇರಿ ಒಂದು ಯೋಜನೆ ಬಗ್ಗೆ ಚರ್ಚೆ ಮಾಡಿದರೂ ಕಾನೂನು ಮುರಿದಂತೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಇಮೇಲ್ ದಾಟಿಸಿ ಒಮ್ಮತಕ್ಕೆ ಬಂದರೂ ತಪ್ಪೇ. ಜನ ಬಂದು ಮಾತಾಡುವ ಹಕ್ಕಿದೆ. ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ.

ಸಭೆಯಲ್ಲೂ ಬಗೆಗಳಿವೆ. ಸ್ಟಡಿ ಸೆಷನ್‌ನಲ್ಲಿ ವಿಷಯ ಅರ್ಥ ಮಾಡಿಕೊಳ್ಳುತ್ತಾರೆ, ಓಟು ಹಾಕುವುದಿಲ್ಲ. ಕೋರ್ಟ್ ಕೇಸಿನಂಥ ವಿಷಯಕ್ಕೆ ಮುಚ್ಚಿದ ಬಾಗಿಲ ಸಭೆ. ತಕರಾರಿಲ್ಲದ ಸಣ್ಣಪುಟ್ಟ ವಿಷಯಗಳಿಗೆ ಒಟ್ಟಿಗೆ ಒಂದೇ ಓಟು. ಕಟ್ಟಡದಂಥ ದೊಡ್ಡ ವಿಷಯಕ್ಕೆ ಸಾರ್ವಜನಿಕ ವಿಚಾರಣೆ. ಅದಕ್ಕೆ 10 ದಿನ ಮೊದಲು, ಕನಿಷ್ಠ 300 ಅಡಿ ಸುತ್ತಲಿನ ಆಸ್ತಿ ಮಾಲೀಕರಿಗೆ ಅಂಚೆಯಲ್ಲಿ ನೋಟಿಸ್ ಹೋಗಬೇಕು. ಪರಿಸರ ವರದಿ ಬೇಕಾದರೆ ಅದರ ಕರಡಿನ ಮೇಲೆ ಜನರ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 45 ದಿನ.

ಇದಲ್ಲದೆ ನಗರ 'ಸಿಟಿ ವರ್ಕ್ ಪ್ರೋಗ್ರಾಂ' ಎಂಬ ಪಟ್ಟಿ ಮಾಡುತ್ತದೆ. ಮುಂದಿನ ಅವಧಿಯಲ್ಲಿ ಸಿಬ್ಬಂದಿ ಯಾವ ಕೆಲಸ ಕೈಗೆತ್ತಿಕೊಳ್ಳಬೇಕು ಎಂದು ಕೌನ್ಸಿಲ್ ಆಯ್ಕೆ ಮಾಡುತ್ತದೆ. ಜುಲೈ 1ಕ್ಕೆ ಹೊಸ ಹಣಕಾಸು ವರ್ಷ ಶುರು. ಅಷ್ಟರೊಳಗೆ, ಜೂನ್‌ನಲ್ಲಿ, ಬಜೆಟ್ ಪಾಸಾಗಬೇಕು. ಮನೆಮನೆಗೆ ನಗರದ ಸುದ್ದಿಪತ್ರ ಬರುತ್ತದೆ.

ನೋಡಿ, ಏನು ಕಮ್ಮಿ ಇದೆ? ನೋಟಿಸ್ ಇದೆ, ಅಜೆಂಡಾ ಇದೆ, ಮೈಕ್ ಇದೆ. ಮುಂದಿನ ಸಭೆ ಯಾವತ್ತು ಅಂತ ಈ ಊರಿಗೆ ಯಾವಾಗಲೂ ಗೊತ್ತಿತ್ತು. ತೀರ್ಮಾನ ಯಾವತ್ತಿನೊಳಗೆ ಆಗಬೇಕು ಅನ್ನೋದನ್ನು ಮಾತ್ರ ಅದು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ.

ಹೆದ್ದಾರಿಯ ಆಚೆ ಬದಿ

ತೀರ್ಮಾನ ಮಾಡಲು ಬರುತ್ತಿರಲಿಲ್ಲ ಅಂತಲ್ಲ. ವುಲ್ಫ್ ರೋಡ್ ಎಂಬ ರಸ್ತೆ 280ನೇ ಹೆದ್ದಾರಿಯನ್ನು ದಾಟುತ್ತದೆ. ದಕ್ಷಿಣಕ್ಕೆ ವಾಲ್ಕೋ. ಉತ್ತರಕ್ಕೆ ಈಗ ಆ್ಯಪಲ್ ಪಾರ್ಕ್, ಆ ದೊಡ್ಡ ಉಂಗುರದ ಕಟ್ಟಡ.

2011ರ ಜೂನ್ 7, ತಿಂಗಳ ಮೊದಲ ಮಂಗಳವಾರ. ಸ್ಟೀವ್ ಜಾಬ್ಸ್ ತಾವೇ ಕೌನ್ಸಿಲ್ ಸಭೆಗೆ ಬಂದು ಹೊಸ ಕ್ಯಾಂಪಸ್ ಬಗ್ಗೆ ವಿವರಿಸಿದರು. ಅವರು ಕೊನೆಯ ಬಾರಿ ಸಾರ್ವಜನಿಕವಾಗಿ ಮಾತಾಡಿದ್ದು ಅಲ್ಲೇ. ಅಕ್ಟೋಬರ್‌ನಲ್ಲಿ ತೀರಿಕೊಂಡರು. ಊರಿಗೆ ಉಚಿತ ವೈಫೈ ಕೊಡುತ್ತೀರಾ ಎಂದು ಕೌನ್ಸಿಲ್‌ನಲ್ಲಿ ಕೇಳಿದಾಗ, ನಾವು ತೆರಿಗೆ ಕಟ್ಟುತ್ತೇವೆ, ಅಂಥದ್ದನ್ನು ನಗರವೇ ಮಾಡಬೇಕು ಎಂಬರ್ಥದ ಉತ್ತರ ಕೊಟ್ಟಿದ್ದರು. ಸುಮಾರು 175 ಎಕರೆ ಜಾಗ, 12,000 ಉದ್ಯೋಗಿಗಳು. ಪರಿಸರ ವರದಿ, ವಿಚಾರಣೆ ಎಲ್ಲ ಮುಗಿದು 2013ರ ಅಕ್ಟೋಬರ್‌ನಲ್ಲಿ ಕೌನ್ಸಿಲ್ ಸರ್ವಾನುಮತದಿಂದ ಒಪ್ಪಿತು, ನವೆಂಬರ್‌ನಲ್ಲಿ ಅಂತಿಮ ಮುದ್ರೆ ಬಿತ್ತು. ಎರಡೂವರೆ ವರ್ಷ.

ಯಾಕೆ ಇಷ್ಟು ಸಲೀಸು? ಒಬ್ಬನೇ ಮಾಲೀಕ. ಹಿಂದೆ ಅದೇ ಜಾಗದಲ್ಲಿ ಇನ್ನೊಂದು ಕಂಪ್ಯೂಟರ್ ಕಂಪನಿಯ ಕಚೇರಿಗಳಿದ್ದವು. ಕಂಪನಿಯ ಮಾರಾಟ ತೆರಿಗೆ ನಗರದ ಬೊಕ್ಕಸಕ್ಕೆ ದೊಡ್ಡ ಆಸರೆ. ಇನ್ನೊಂದು ಕಾರಣವೂ ಇದೆ ಅನ್ನಿಸುತ್ತದೆ. ಕಚೇರಿಗೆ ಬರುವವರು ಸಂಜೆ ಹೊರಟುಹೋಗುತ್ತಾರೆ. ಪಕ್ಕದ ಮನೆಗೆ ಯಾರು ಬರುತ್ತಾರೆ ಎಂಬ ಪ್ರಶ್ನೆಯನ್ನು ಕಚೇರಿ ಎತ್ತುವುದಿಲ್ಲ.

ಇಲ್ಲೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ನಗರಕ್ಕೂ ಎಂಟು ವರ್ಷಕ್ಕೊಮ್ಮೆ ಇಷ್ಟು ಮನೆಗೆ ಜಾಗ ತೋರಿಸಬೇಕು ಎಂಬ ಗುರಿ ಬರುತ್ತದೆ. ಆ ಜಾಗ ತೋರಿಸುವ ದಾಖಲೆಗೆ ಹೌಸಿಂಗ್ ಎಲಿಮೆಂಟ್ ಅನ್ನುತ್ತಾರೆ. ಆ ಸುತ್ತಿನಲ್ಲಿ ಕ್ಯೂಪರ್ಟಿನೋಗೆ ಬಂದ ಗುರಿ 1,064 ಮನೆ. ಒಂದೇ ಕಟ್ಟಡಕ್ಕೆ 12,000 ಜನ ಕೆಲಸಕ್ಕೆ. ಎಂಟು ವರ್ಷಕ್ಕೆ ಇಡೀ ಊರಿಗೆ 1,064 ಮನೆ. ಮುಂದಿನ ಜಗಳದ ಬೇರು ಇಲ್ಲೇ ಇದೆ.

ವಾಲ್ಕೋ

ಮಾಲ್ ತೆರೆದದ್ದು 1976ರಲ್ಲಿ. ವಾಲ್ಕೋ ಎಂಬ ಹೆಸರು ಆ ಜಾಗವನ್ನು ಬೆಳೆಸಿದವರ ಹೆಸರುಗಳ ಮೊದಲಕ್ಷರ ಸೇರಿಸಿ ಮಾಡಿದ್ದು: ವೇರಿಯನ್ ಅಸೋಸಿಯೇಟ್ಸ್ ಕಂಪನಿ, ಜೊತೆಗೆ ಲಿಯೊನಾರ್ಡ್, ಲೆಸ್ಟರ್, ಕ್ರಾಫ್ಟ್, ಒರ್ಲಾಂಡೋ ಮನೆತನಗಳು. ರಸ್ತೆಯ ಎರಡೂ ಬದಿಗೆ ಕಟ್ಟಡ, ವುಲ್ಫ್ ರೋಡ್ ಮೇಲೆ ಅಂಗಡಿ ಸೇತುವೆ. ಹಿಮದ ಮೇಲೆ ಜಾರುವ ರಿಂಕ್ ಇತ್ತು. ಆಗಿನ ಕಾಲಕ್ಕೆ ಊರಿನ ಹೆಮ್ಮೆ.

ಮುಂದೆ ಹತ್ತಿರದ ದೊಡ್ಡ ಮಾಲ್‌ಗಳ ಮುಂದೆ ಇದು ಸೊರಗಿತು. ಮಾಲೀಕತ್ವ ಹಲವರ ನಡುವೆ ಹಂಚಿಹೋಗಿತ್ತು. ಕೊನೆಗೆ 2014ರಲ್ಲಿ ಸ್ಯಾಂಡ್ ಹಿಲ್ ಪ್ರಾಪರ್ಟಿ ಎಂಬ ಕಂಪನಿ ಎಲ್ಲವನ್ನೂ ಕೊಂಡು ಒಟ್ಟು ಮಾಡಿತು. ಸುಮಾರು 50 ಎಕರೆ. 2015 ಮತ್ತು 2016ರಲ್ಲಿ ದೊಡ್ಡ ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

2014ರ ಡಿಸೆಂಬರ್‌ನಲ್ಲಿ ಕೌನ್ಸಿಲ್ ತನ್ನ ಜನರಲ್ ಪ್ಲಾನ್ ಬದಲಿಸಿತು. ಜನರಲ್ ಪ್ಲಾನ್ ಅಂದರೆ ಊರಿನ ಎಲ್ಲ ಜಾಗದ ಬಳಕೆಗೆ ಮೂಲ ದಾಖಲೆ. ಅದರಲ್ಲಿ ವಾಲ್ಕೋದಲ್ಲಿ ಅಂಗಡಿ, ಕಚೇರಿ, ಮನೆ ಮೂರೂ ಇರಬಹುದು ಎಂದು ಬರೆಯಿತು. 389 ಮನೆಗಳನ್ನು ಈ ಜಾಗದ ಲೆಕ್ಕಕ್ಕೆ ಹಾಕಿತು. ಈ ಒಂದು ಜಾಗಕ್ಕೇ ಬೇಕಾದ ವಿವರವಾದ ಯೋಜನೆ, ಅಂದರೆ ಸ್ಪೆಸಿಫಿಕ್ ಪ್ಲಾನ್, ಆಮೇಲೆ ಮಾಡೋಣ ಎಂದಿತು. ಅದು 2018ರ ಮೇ 31ರೊಳಗೆ ಆಗದಿದ್ದರೆ ಮನೆಗಳ ಪಟ್ಟಿಯಿಂದ ವಾಲ್ಕೋವನ್ನು ತೆಗೆಯುವ ವಿಚಾರಣೆ ಕರೆಯುವುದು ಎಂದೂ ಬರೆಯಿತು.

ಗಮನಿಸಿ, ಒಂದು ದಿನಾಂಕವೇನೋ ಬಿತ್ತು. ಆದರೆ ಆ ದಿನಾಂಕ ತಪ್ಪಿದರೆ ಏನು ಕಟ್ಟಬೇಕು ಎಂಬುದು ಅಲ್ಲಿರಲಿಲ್ಲ. ಇನ್ನೊಂದು ಸಣ್ಣ ವಿಷಯವೂ ಉಳಿಯಿತು. ಕಟ್ಟಡ ಎಷ್ಟು ಎತ್ತರ ಇರಬಹುದು? ಅದನ್ನು ಸ್ಪೆಸಿಫಿಕ್ ಪ್ಲಾನ್ ಬಂದಾಗ ನೋಡೋಣ ಎಂದು ಬಿಟ್ಟರು. ಮನೆಗಳ ದಟ್ಟಣೆಗೆ ಮಾತ್ರ ಅಂಕಿ ಇತ್ತು: ಎಕರೆಗೆ 35.

ಆ ದಿನ ಹಾಲ್‌ನಲ್ಲಿ ಕೂತವರಿಗೆ ಇದು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ಹೇಗೂ ಮುಂದೆ ವಿಚಾರಣೆ ಇದ್ದೇ ಇರುತ್ತದಲ್ವಾ, ಆಗ ಕೌನ್ಸಿಲ್ ಬೇಡ ಅನ್ನಬಹುದಲ್ವಾ? ಆ ನಂಬಿಕೆಯ ಮೇಲೆ ಬರೆದ ದಾಖಲೆ ಅದು.

ಎರಡೂ ಬೇಡ

2015ರಲ್ಲಿ ಮಾಲೀಕರು 'ದಿ ಹಿಲ್ಸ್ ಅಟ್ ವಾಲ್ಕೋ' ಎಂಬ ಯೋಜನೆ ತಂದರು. ಮೇಲೆ 30 ಎಕರೆಯ ಹಸಿರು ಚಾವಣಿ. ಕೆಳಗೆ 20 ಲಕ್ಷ ಚದರ ಅಡಿ ಕಚೇರಿ, ಸುಮಾರು 800 ಮನೆ, ಅಂಗಡಿಗಳು. ಚಿತ್ರ ನೋಡಿದರೆ ಯಾರಿಗೂ ಆಸೆ ಆಗುತ್ತಿತ್ತು. ಆದರೆ ಹೆದ್ದಾರಿಯ ಆಚೆ ಆ್ಯಪಲ್ ಪಾರ್ಕ್ ಏಳುತ್ತಿತ್ತು. ಇನ್ನೂ 20 ಲಕ್ಷ ಚದರ ಅಡಿ ಕಚೇರಿ ಅಂದರೆ ಟ್ರಾಫಿಕ್ ಗತಿ ಏನು ಎಂದು ಜನ ಕೇಳಿದರು. ಶಾಲೆ ತುಂಬಿಹೋಗುತ್ತದೆ ಎಂದರು. ಬಹಳ ಮಂದಿ ಈ ಊರಿಗೆ ಬಂದದ್ದೇ ಶಾಲೆಗಾಗಿ. ಜೀವಮಾನದ ಉಳಿತಾಯ ಹಾಕಿ ಮನೆ ಕೊಂಡವರು. ಅವರ ಭಯವನ್ನು ಹಗುರವಾಗಿ ನೋಡಬಾರದು.

ಊರಿನ ಒಂದು ಗುಂಪು ಸಹಿ ಸಂಗ್ರಹಿಸಿ 2016ರ ನವೆಂಬರ್ ಚುನಾವಣೆಗೆ ಮೆಷರ್ ಸಿ ತಂದಿತು. ಮೆಷರ್ ಅಂದರೆ ಮತದಾರರು ನೇರವಾಗಿ ಓಟು ಹಾಕಿ ತೀರ್ಮಾನಿಸುವ ಪ್ರಸ್ತಾವ. ವಾಲ್ಕೋದಲ್ಲಿ ಮನೆ, ಕಚೇರಿ ಬೇಡ, ಊರಲ್ಲಿ ಎತ್ತರಕ್ಕೆ ಮಿತಿ ಇರಲಿ ಎಂಬುದು ಅದರ ಸಾರ. ಮಾಲೀಕರ ಕಡೆಯಿಂದ ಮೆಷರ್ ಡಿ ಬಂತು. ತಮ್ಮ ಯೋಜನೆಯನ್ನು ಮತದಾರರೇ ನೇರವಾಗಿ ಒಪ್ಪಲಿ ಎಂದು.

ಎರಡೂ ಸೋತವು.

ಈ ಫಲಿತಾಂಶವನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಜನ ಹೇಳಿದ್ದು ಏನು? ಮಾಲ್ ಮಾಲ್ ಆಗಿಯೇ ಇರಲಿ ಅಂತಲೂ ಹೇಳಲಿಲ್ಲ. ಇದನ್ನೇ ಕಟ್ಟಿ ಅಂತಲೂ ಹೇಳಲಿಲ್ಲ. ನಡುವೆ ಏನೋ ಒಂದು ಬೇಕು, ಅದನ್ನು ನೀವು ಕೂತು ಮಾಡಿ ಎಂದರು. ಅದು ಕೌನ್ಸಿಲ್‌ಗೆ ಕೊಟ್ಟ ಕೆಲಸ. 2016ರ ನವೆಂಬರ್‌ನಿಂದ 2018ರ ಮೇ 31ಕ್ಕೆ ಒಂದೂವರೆ ವರ್ಷವಿತ್ತು. ಆ ಮೊದಲ ವರ್ಷ ಕೈಜಾರಿತು. ಜನರನ್ನು ಕೂರಿಸಿ ನಕ್ಷೆ ಬರೆಯುವ ಕೆಲಸ ಗಂಭೀರವಾಗಿ ನಡೆದದ್ದು 2018ರ ಏಪ್ರಿಲ್, ಮೇ ತಿಂಗಳಲ್ಲಿ. ಅಷ್ಟರಲ್ಲಿ ರಾಜ್ಯದ ರಾಜಧಾನಿ ಸಾಕ್ರಮೆಂಟೋದಲ್ಲಿ ಆಟದ ನಿಯಮವೇ ಬದಲಾಗಿತ್ತು.

ರಾಜ್ಯದ ಗಡಿಯಾರ

2017ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರಿ ಬ್ರೌನ್ ವಸತಿಗೆ ಸಂಬಂಧಿಸಿದ 15 ಮಸೂದೆಗಳಿಗೆ ಒಟ್ಟಿಗೆ ಸಹಿ ಹಾಕಿದರು. ಅದರಲ್ಲಿ ಒಂದು ಎಸ್‌ಬಿ 35. ತಂದವರು ಸಾನ್ ಫ್ರಾನ್ಸಿಸ್ಕೋದ ಸೆನೆಟರ್ ಸ್ಕಾಟ್ ವೀನರ್. 2018ರ ಜನವರಿ 1ರಿಂದ ಜಾರಿ.

ಅದು ಹೇಳುವುದು ಇಷ್ಟು. ಒಂದು ನಗರ ತನ್ನ ಮನೆಗಳ ಗುರಿಯಲ್ಲಿ ಹಿಂದೆ ಬಿದ್ದಿದೆ ಅಂದುಕೊಳ್ಳಿ. ಅಲ್ಲಿ ಯಾರಾದರೂ ಕಮ್ಮಿ ಆದಾಯದವರಿಗೆ ಎಟುಕುವ ಮನೆಗಳ ನಿಗದಿತ ಪಾಲು ಇರುವ ಯೋಜನೆ ತಂದರೆ, ಅದು ನಗರದ ಲಿಖಿತ, ಅಳೆಯಬಹುದಾದ ನಿಯಮಗಳಿಗೆ ಹೊಂದಿದರೆ, ನಗರ ಅದನ್ನು ಒಪ್ಪಲೇಬೇಕು. ಪರಿಸರ ವರದಿ ಬೇಕಿಲ್ಲ. ಕೌನ್ಸಿಲ್‌ನ ಇಷ್ಟಾನಿಷ್ಟದ ಮಾತಿಲ್ಲ. ಕಟ್ಟುವ ಒಟ್ಟು ಚದರ ಅಡಿಯಲ್ಲಿ ಕನಿಷ್ಠ ಮೂರನೇ ಎರಡು ಭಾಗ ವಸತಿಗೆ ಇರಬೇಕು. 150ಕ್ಕಿಂತ ಜಾಸ್ತಿ ಮನೆಯ ಯೋಜನೆಯಾದರೆ, ನಿಯಮಕ್ಕೆ ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಲು ನಗರಕ್ಕೆ 90 ದಿನ. ಎಲ್ಲ ಮುಗಿಸಲು 180 ದಿನ.

ಅಳೆಯಬಹುದಾದ ನಿಯಮ. ಈ ಮಾತಿನಲ್ಲೇ ಇಡೀ ಪ್ರಕರಣ ಅಡಗಿದೆ. 'ನೆರೆಹೊರೆಗೆ ಒಪ್ಪುವಂತಿರಬೇಕು' ಎಂಬುದು ಅಳೆಯಬಹುದಾದ ನಿಯಮವಲ್ಲ. 'ಎತ್ತರ 60 ಅಡಿ ಮೀರಬಾರದು' ಎಂಬುದು ಅಳೆಯಬಹುದಾದ ನಿಯಮ. ಮೊದಲನೆಯದನ್ನು ಜಾರಿ ಮಾಡಲು ಸಭೆ ಬೇಕು. ಎರಡನೆಯದಕ್ಕೆ ಟೇಪು ಸಾಕು.

2018ರ ಮಾರ್ಚ್ 27ರಂದು ಸ್ಯಾಂಡ್ ಹಿಲ್ ಹೊಸ ಅರ್ಜಿ ಕೊಟ್ಟಿತು. 2,402 ಮನೆ. ಅದರಲ್ಲಿ ಅರ್ಧ, ಅಂದರೆ 1,201, ಮಾರುಕಟ್ಟೆ ದರಕ್ಕಿಂತ ಕಮ್ಮಿ ಬಾಡಿಗೆಗೆ. ಜೊತೆಗೆ 18 ಲಕ್ಷ ಚದರ ಅಡಿ ಕಚೇರಿ, 4 ಲಕ್ಷ ಚದರ ಅಡಿ ಅಂಗಡಿ. ಕೆಲವು ಕಟ್ಟಡ 20 ಮಹಡಿ ಮುಟ್ಟುವಂಥವು.

ಊರು ದಂಗಾಯಿತು. 389 ಮನೆ ಎಂದು ಬರೆದಿದ್ದ ಜಾಗಕ್ಕೆ 2,402 ಹೇಗೆ ಬಂತು?

ಲೆಕ್ಕ ಮಾಡಿ ನೋಡಿ. ಜಾಗ 50.82 ಎಕರೆ. ನಗರದ್ದೇ ನಿಯಮದಂತೆ ಎಕರೆಗೆ 35 ಮನೆ. ಗುಣಿಸಿದರೆ 1,779. ಎಟುಕುವ ಬೆಲೆಯ ಮನೆ ಕಟ್ಟಿದರೆ ರಾಜ್ಯ ಕಾನೂನು ಕೊಡುವ ಹೆಚ್ಚುವರಿ ಪಾಲು 35 ಶೇಕಡಾ. ಸೇರಿಸಿದರೆ 2,402. ಅಂಕಿ ಎಲ್ಲೋ ಆಕಾಶದಿಂದ ಬಿದ್ದದ್ದಲ್ಲ. ಮೂಲ ದಟ್ಟಣೆ ನಗರವೇ ಬರೆದದ್ದು. ಎತ್ತರದ ಮಿತಿ 'ಆಮೇಲೆ ನೋಡೋಣ' ಎಂದು ಬಿಟ್ಟಿದ್ದರಿಂದ, ಟೇಪು ಹಿಡಿದು ಬಂದವರಿಗೆ ಅಳೆಯಲು ಅಲ್ಲಿ ಏನೂ ಇರಲಿಲ್ಲ.

ಎರಡು ಹಳಿ

ಇಲ್ಲಿಂದ ಮುಂದಿನ ಆರು ತಿಂಗಳು ನನಗೆ ಅತಿ ನೋವಿನ ಭಾಗ.

ಒಂದು ಹಳಿಯಲ್ಲಿ ಸ್ಪೆಸಿಫಿಕ್ ಪ್ಲಾನ್ ಕೆಲಸ. ಬರ್ಕ್ಲಿಯ ಆಪ್ಟಿಕೋಸ್ ಎಂಬ ವಿನ್ಯಾಸ ಸಂಸ್ಥೆಯನ್ನು ನಗರ ಕರೆಸಿತು. ಅವರು ಊರಿನಲ್ಲೇ ದಿನಗಟ್ಟಲೆ ಕೂತು ಜನರ ಜೊತೆ ನಕ್ಷೆ ಬರೆಯುವ ಸಭೆಗಳನ್ನು ನಡೆಸಿದರು. ಬಂದವರ ಮಾತು ಕೇಳಿ ಬರೆದು, ತೋರಿಸಿ, ತಿದ್ದುವುದು. ಮೂರು ನಿಮಿಷದ ಮೈಕಿಗಿಂತ ಇದು ಎಷ್ಟೋ ಒಳ್ಳೆಯ ಪದ್ಧತಿ. ಮೈಕಿನ ಮುಂದೆ ನಿಂತವರು ಬೇಕು ಅಥವಾ ಬೇಡ ಅನ್ನಬಹುದು. ನಕ್ಷೆಯ ಮುಂದೆ ಕೂತವರು ಈ ಬೀದಿ ಇಲ್ಲಿಗೆ ಬರಲಿ, ಎತ್ತರದ ಕಟ್ಟಡ ಹೆದ್ದಾರಿ ಕಡೆಗಿರಲಿ, ಮನೆಗಳ ಹತ್ತಿರ ತಗ್ಗಲಿ ಅನ್ನಬಹುದು.

ಇನ್ನೊಂದು ಹಳಿಯಲ್ಲಿ ಎಸ್‌ಬಿ 35 ಅರ್ಜಿ. ಅಲ್ಲಿ ಯಾವ ಸಭೆಯೂ ಇಲ್ಲ. ದಿನ ಎಣಿಕೆ ಮಾತ್ರ. 90ನೇ ದಿನ ಹತ್ತಿರ ಬಂತು. ಜೂನ್ 22ಕ್ಕೆ ಸಿಬ್ಬಂದಿ ಪತ್ರ ಬರೆದು, ಅರ್ಜಿ ಎಸ್‌ಬಿ 35ಕ್ಕೆ ಅರ್ಹ ಎಂದರು. ಊರಿನ ಒಂದು ಗುಂಪು ಕೋರ್ಟಿಗೆ ಹೋಯಿತು. ಮೂರನೇ ಎರಡು ಭಾಗ ವಸತಿ ಎಂಬ ಲೆಕ್ಕ ಸರಿಯಿಲ್ಲ ಎಂಬುದು ಅವರ ವಾದಗಳಲ್ಲಿ ಒಂದು.

ಸಂಜೆ ಸಭೆಗೆ ಹೋಗಿ ಬಣ್ಣದ ಪೆನ್ಸಿಲ್ ಹಿಡಿದು ಕೂತ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಪಾರ್ಕ್ ಇಲ್ಲಿರಲಿ ಎಂದು ಗುರುತು ಹಾಕುತ್ತಾಳೆ. ಅದೇ ಹೊತ್ತಿಗೆ ಅದೇ ಜಾಗಕ್ಕೆ ಬೇರೆ ನಕ್ಷೆಯೊಂದು ಕಚೇರಿಯ ಕಡತದಲ್ಲಿ ಒಪ್ಪಿಗೆಯ ಕಡೆ ಸಾಗುತ್ತಿದೆ. ನಗರ ಇದನ್ನು ಮುಚ್ಚಿಟ್ಟಿತು ಅಂತ ನಾನು ಹೇಳುತ್ತಿಲ್ಲ. ಎರಡರ ಮಾಹಿತಿಯೂ ಹೊರಗಿತ್ತು. ಆದರೆ ಒಂದು ಇನ್ನೊಂದನ್ನು ಹೇಗೆ ನುಂಗಬಹುದು ಎಂದು ಬಿಡಿಸಿ ಹೇಳುವುದು ಬೇರೆಯೇ ಕೆಲಸ. ಜನರಿಗೆ ಆಗ ಬೇಕಿದ್ದದ್ದು ಮತ್ತೊಂದು ನೋಟಿಸ್ ಅಲ್ಲ. ನೀವು ಇದನ್ನು ತಳ್ಳಿಹಾಕಿದರೆ ಬರುವುದು ಖಾಲಿ ಜಾಗ ಅಲ್ಲ, ಆ ಇನ್ನೊಂದು ಯೋಜನೆ ಎಂಬ ನೇರ ಮಾತು.

ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಸ್ಪೆಸಿಫಿಕ್ ಪ್ಲಾನ್ ಒಪ್ಪಿತು. ಅದರ ಜೊತೆಗಿನ ಒಪ್ಪಂದದಲ್ಲಿ ಕಲಾ ಕೇಂದ್ರ, ಹೊಸ ಸಿಟಿ ಹಾಲ್‌ಗೆ ಜಾಗ, ಶಾಲೆಗಳಿಗೆ ನೆರವು ಎಲ್ಲ ಇತ್ತು. ಸೆಪ್ಟೆಂಬರ್ 21ಕ್ಕೆ, 180 ದಿನ ತುಂಬಲು ಎರಡು ದಿನ ಇರುವಾಗ, ಎಸ್‌ಬಿ 35 ಯೋಜನೆಗೂ ಒಪ್ಪಿಗೆ ಸಿಕ್ಕಿತು. ಅಕ್ಟೋಬರ್‌ನಲ್ಲಿ ಮಾಲ್ ಒಡೆಯುವ ಕೆಲಸ ಶುರುವಾಯಿತು.

ಸ್ಪೆಸಿಫಿಕ್ ಪ್ಲಾನ್ ವಿರುದ್ಧ ಮತ್ತೆ ಸಹಿ ಸಂಗ್ರಹ ನಡೆಯಿತು. ನವೆಂಬರ್ ಚುನಾವಣೆಯಲ್ಲಿ ಕೌನ್ಸಿಲ್‌ನ ಬಹುಮತವೂ ಬದಲಾಯಿತು. 2019ರ ಮೇ ತಿಂಗಳಲ್ಲಿ ಹೊಸ ಕೌನ್ಸಿಲ್ ಸ್ಪೆಸಿಫಿಕ್ ಪ್ಲಾನ್ ರದ್ದು ಮಾಡಿತು. ಅದೇ ವರ್ಷ ಜನರಲ್ ಪ್ಲಾನ್ ತಿದ್ದಿ, ವಾಲ್ಕೋದಲ್ಲಿ ಕಚೇರಿಗೆ ಇದ್ದ ಅವಕಾಶ ತೆಗೆದು, ಎತ್ತರಕ್ಕೆ ಕೊನೆಗೂ ಅಂಕಿಯಲ್ಲಿ ಮಿತಿ ಹಾಕಿತು. ಆದರೆ ಅಷ್ಟೊತ್ತಿಗೆ ಒಪ್ಪಿಗೆ ಪಡೆದಿದ್ದ ಯೋಜನೆಗೆ ಈ ಮಿತಿ ತಟ್ಟಲಿಲ್ಲ. 2014ರಲ್ಲಿ ಒಂದು ಸಾಲಿನಲ್ಲಿ ಬರೆಯಬಹುದಾಗಿದ್ದ ಮಾತು ಐದು ವರ್ಷ ತಡವಾಗಿ ಬಂತು. 2020ರ ಮೇ ತಿಂಗಳಲ್ಲಿ ಕೋರ್ಟ್ ಕೂಡ ಎಸ್‌ಬಿ 35 ಒಪ್ಪಿಗೆಯನ್ನು ಎತ್ತಿಹಿಡಿಯಿತು.

ಭಯಗಳು ಎಲ್ಲಿಗೆ ಬಂದವು

ಶಾಲೆ ತುಂಬುತ್ತದೆ ಎಂಬ ಭಯ ಏನಾಯಿತು? 2021ರಲ್ಲಿ ಕ್ಯೂಪರ್ಟಿನೋದ ಶಾಲಾ ಬೋರ್ಡ್ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಕಾರಣ, ಮಕ್ಕಳ ಸಂಖ್ಯೆ ಇಳಿಯುತ್ತಿತ್ತು. ಮನೆ ಬೆಲೆ ಅಷ್ಟು ಏರಿದ ಮೇಲೆ ಚಿಕ್ಕ ಮಕ್ಕಳಿರುವ ಸಂಸಾರಗಳು ಬರುವುದಾದರೂ ಹೇಗೆ? ಶಾಲಾ ಬೋರ್ಡ್ ಬೇರೆ, ಕೌನ್ಸಿಲ್ ಬೇರೆ ಎಂದು ಆಗಲೇ ಹೇಳಿದೆನಲ್ಲ. ಒಂದು ಹಾಲ್‌ನಲ್ಲಿ ಮಕ್ಕಳು ಜಾಸ್ತಿ ಆಗುತ್ತಾರೆ ಎಂಬ ಮಾತು. ಇನ್ನೊಂದು ಹಾಲ್‌ನಲ್ಲಿ ಮಕ್ಕಳು ಕಮ್ಮಿ ಆಗುತ್ತಿದ್ದಾರೆ ಎಂಬ ಲೆಕ್ಕ. ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಒಂದೇ ಸಂಜೆ ಜನರಿಗೆ ತೋರಿಸಿದ್ದರೆ ಮಾತಿನ ದಾರಿಯೇ ಬದಲಾಗಬಹುದಿತ್ತು ಎಂದು ನನ್ನ ಅನಿಸಿಕೆ.

ಕೌನ್ಸಿಲ್ ಒಳಗಿನ ಸಂಬಂಧವೂ ಕೆಟ್ಟಿತು. 2022ರ ಡಿಸೆಂಬರ್‌ನಲ್ಲಿ ಸಾಂಟಾ ಕ್ಲಾರಾ ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿ, ಅಂದರೆ ಸ್ಥಳೀಯ ಆಡಳಿತಗಳನ್ನು ಪರಿಶೀಲಿಸುವ ನಾಗರಿಕರ ತಂಡ, ಕ್ಯೂಪರ್ಟಿನೋ ಬಗ್ಗೆ ಒಂದು ಕಟುವಾದ ವರದಿ ಕೊಟ್ಟಿತು. ಕೌನ್ಸಿಲ್ ಮತ್ತು ಸಿಬ್ಬಂದಿ ನಡುವೆ ನಂಬಿಕೆ ಹೋಗಿದೆ, ಸದಸ್ಯರು ಸಿಬ್ಬಂದಿಯ ಕೆಲಸದಲ್ಲಿ ಕೈಹಾಕುತ್ತಿದ್ದಾರೆ ಎಂಬುದು ಅದರ ತಿರುಳು. ಅದರ ಬೆನ್ನಿಗೇ ಹಣದ ಹೊಡೆತ. ಆ್ಯಪಲ್‌ನ ಆನ್‌ಲೈನ್ ಮಾರಾಟದ ತೆರಿಗೆ ನಗರಕ್ಕೆ ಹಂಚಿಕೆಯಾಗುವ ರೀತಿಯನ್ನು ರಾಜ್ಯದ ತೆರಿಗೆ ಇಲಾಖೆ ಪ್ರಶ್ನಿಸಿತು. ಮಾರಾಟ ತೆರಿಗೆ ಆದಾಯ 73 ಶೇಕಡಾ ಇಳಿಯುವ ಅಂದಾಜಿನ ಮೇಲೆ ಬಜೆಟ್ ಮಾಡಬೇಕಾಯಿತು. ಕೆಲಸಗಳ ಪಟ್ಟಿ ಚಿಕ್ಕದಾಯಿತು.

ಮುಂದಿನ ಎಂಟು ವರ್ಷಕ್ಕೆ ಮನೆಗಳ ಗುರಿ 1,064ರಿಂದ 4,588ಕ್ಕೆ ಏರಿತು. ಹೌಸಿಂಗ್ ಎಲಿಮೆಂಟ್ ಸಲ್ಲಿಸಲು ಕೊನೆಯ ದಿನ 2023ರ ಜನವರಿ 31. ಕೌನ್ಸಿಲ್ ಅದನ್ನು ಪಾಸು ಮಾಡಿದ್ದು 2024ರ ಮೇ ತಿಂಗಳಲ್ಲಿ. ರಾಜ್ಯ ಒಪ್ಪಿದ್ದು ಸೆಪ್ಟೆಂಬರ್‌ನಲ್ಲಿ. ಈ ನಡುವಿನ ಅವಧಿಯಲ್ಲಿ ನಗರದ ವಲಯ ನಿಯಮಕ್ಕೆ ಹೊಂದದ ಯೋಜನೆಗಳೂ ಬಂದವು. ಹೌಸಿಂಗ್ ಎಲಿಮೆಂಟ್ ಸರಿಯಿಲ್ಲದ ನಗರ ಅಂಥ ಅರ್ಜಿಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ ಎಂದು ರಾಜ್ಯ ಕಾನೂನು ಹೇಳುತ್ತದೆ. ವಾಲ್ಕೋದಲ್ಲಿ ಒಂದು ಜಾಗಕ್ಕೆ ಆದದ್ದು ಈಗ ಊರಿನ ಹಲವು ಜಾಗಗಳಿಗೆ ಆಯಿತು.

ಹಾಗಾದರೆ ಏನು ಮಾಡಬಹುದಿತ್ತು

ರಾಜ್ಯ ಮಾಡಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಪೂರ್ತಿ ಹೌದೂ ಅಲ್ಲ, ಪೂರ್ತಿ ಇಲ್ಲವೂ ಅಲ್ಲ. ಸಭೆಗೆ ಬರುವವರು ಈಗಾಗಲೇ ಊರಲ್ಲಿ ಮನೆ ಇರುವವರು. ಸಂಜೆ ಆರೂಮುಕ್ಕಾಲಿಗೆ ಪುರುಸೊತ್ತು ಇರುವವರು. ಆ 1,201 ಮನೆಗಳಲ್ಲಿ ಇರಬಹುದಾಗಿದ್ದ ದಾದಿ, ಅಡುಗೆಯವರು, ಶಾಲೆಯ ಟೀಚರ್ ಆಗ ದೂರದ ಊರುಗಳಿಂದ ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಅವರಿಗೆ ಈ ನಗರದಲ್ಲಿ ಓಟಿಲ್ಲ, ನೋಟಿಸೂ ಬರುವುದಿಲ್ಲ. 300 ಅಡಿ ಸುತ್ತಳತೆಯಲ್ಲಿ ಅವರಿಲ್ಲ. ಅವರ ಪರವಾಗಿ ಯಾರಾದರೂ ದಿನಾಂಕ ಹಾಕಲೇಬೇಕಿತ್ತು. ಆದರೆ ಬೀದಿ ಹೇಗಿರಬೇಕು, ನೆರಳು ಎಲ್ಲಿ ಬೀಳಬೇಕು ಎಂಬುದನ್ನು ಊರಿನವರಿಂದ ಪೂರ್ತಿ ಕಿತ್ತುಕೊಂಡದ್ದು ನಷ್ಟವೇ.

ನಾನು ಆ ಜಾಗದಲ್ಲಿದ್ದಿದ್ದರೆ ಸಭೆಯ ಕ್ಯಾಲೆಂಡರನ್ನು ಹಿಂದಿನಿಂದ ಬರೆಯುತ್ತಿದ್ದೆ. ಮೊದಲು ಕೊನೆಯ ಓಟಿನ ದಿನ. ಅದರ ಹಿಂದೆ ಪರಿಸರ ವರದಿಯ 45 ದಿನ. ಅದರ ಹಿಂದೆ ಜನರ ಜೊತೆ ನಕ್ಷೆ. ಹಾಗೆ ಎಣಿಸಿದರೆ ನಕ್ಷೆಯ ಸಭೆಗಳು 2018ರ ವಸಂತದಲ್ಲಿ ಅಲ್ಲ, 2017ರ ಆರಂಭದಲ್ಲೇ, ಚುನಾವಣೆ ಮುಗಿದ ಬೆನ್ನಿಗೇ ಬರಬೇಕಿತ್ತು. ಪ್ರತಿ ಸಭೆಯ ಅಜೆಂಡಾ ಮೇಲೆ, ಈ ದಿನ ತೀರ್ಮಾನ ಆಗದಿದ್ದರೆ ಮುಂದೆ ಯಾವ ನಿಯಮ ಉಳಿಯುತ್ತದೆ ಎಂದು ಒಂದು ಸಾಲು ಬರೆಸುತ್ತಿದ್ದೆ. ಎತ್ತರಕ್ಕೆ ಅಂಕಿ ಇಲ್ಲ ಎಂಬುದು ಆ ಒಂದು ಸಾಲಿನಲ್ಲೇ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ವಾಲ್ಕೋಗೆ ಈಗ 'ದಿ ರೈಸ್' ಎಂಬ ಹೊಸ ಹೆಸರಿದೆ. ಮಾಲ್ ನೆಲಸಮವಾದ ಮೇಲೆ ಮಣ್ಣಿನಲ್ಲಿ ಮಾಲಿನ್ಯ ಸಿಕ್ಕಿ ಕೆಲಸ ತಡವಾಯಿತು. 2024ರ ಫೆಬ್ರುವರಿಯಲ್ಲಿ ಯೋಜನೆ ಮತ್ತೆ ಬದಲಾಯಿತು. ಮನೆಗಳ ಒಟ್ಟು ಸಂಖ್ಯೆ 2,402ರಿಂದ 2,669ಕ್ಕೆ ಏರಿತು. ಕಮ್ಮಿ ಬಾಡಿಗೆಯ ಮನೆಗಳು 1,201ರಿಂದ 890ಕ್ಕೆ ಇಳಿದವು. ಈ ಬದಲಾವಣೆಗೂ ಒಪ್ಪಿಗೆ ಬಂದದ್ದು ಸಿಬ್ಬಂದಿಯ ಕಚೇರಿಯಿಂದಲೇ. ಕೈಬಿಟ್ಟುಹೋದ ಆ 311 ಮನೆಗಳ ಬಗ್ಗೆ ಕೌನ್ಸಿಲ್ ಮುಂದೆ ವಿಚಾರಣೆ ನಡೆಯಲಿಲ್ಲ.